ಮಿರಜಿನ ಗಲ್ಲಿಯಲ್ಲಿ ನಮ್ಮ ಸನಾದಿ

ಬಸವ ಜಯಂತಿಯ ದಿನ ಬೆಳಗ್ಗೆ ಏಳಕ್ಕೇ ನಾವು ಹನ್ನೊಂದು ಹುಡುಗರು ಅಥಣಿ ಬಸ್ ನಿಲ್ದಾಣದಲ್ಲಿ ಹಾಜರ್! ಐದು ಕರಡಿ, ನಾಲ್ಕು ಜೋಡಿ ತಾಳ, ಎರಡು ಸನಾದಿ. ಸಂಜೆ ಮಿರಜಿನಲ್ಲಿ ಮೆರವಣಿಗೆ. ನಮ್ಮ ಕರಡಿ ಮಜಲಿಗೆ ಅದೇ ಮೊದಲ ‘ಪರರಾಜ್ಯ’ ಪ್ರವಾಸ. ಕಾಗವಾಡ ದಾಟಿದರೆ ಮಹಾರಾಷ್ಟ್ರ. ಒಂದೂವರೆ ತಾಸಿನ ದಾರಿಗೆ ಅವ್ವ ಲಂಡನ್ನಿಗೆ ಹೊರಟವನಿಗೆ ಕಟ್ಟುವಷ್ಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು.

ನಾವೆಲ್ಲ ‘ಸನಾದಿ ಅಣ್ಣಾ’ ಎಂದು ಕರೆಯುವವನು ಮಾತ್ರ ಕಿಟಕಿಗೆ ತಲೆ ಹಚ್ಚಿ ಸುಮ್ಮನೆ ಕೂತಿದ್ದ. ಪಿಯುಸಿ ಮುಗಿದಿತ್ತು. ಸೋಮವಾರ ಇಚಲಕರಂಜಿಗೆ, ಸೋದರಮಾವನ ಹತ್ತಿರ ಮಗ್ಗದ ಕೆಲಸಕ್ಕೆ ಹೊರಟಿದ್ದ.

“ಸನಾದಿ ಒಯ್ಯಂಗಿಲ್ಲೇನ್ ಅಣ್ಣಾ?” ಅಂದೆ.

“ಮಗ್ಗದ ಸಪ್ಪಳದಾಗ ಇದನ್ನ ಯಾರ ಕೇಳ್ತಾರಪಾ? ಅಜ್ಜನ ವಸ್ತು, ಮನ್ಯಾಗ ಇರಲಿ.”

ಮಿರಜಿನಲ್ಲಿ ಇಳಿದವರನ್ನು ಮಾಸ್ತರರು ಮೊದಲು ಖ್ವಾಜಾ ಮೀರಾಸಾಹೇಬ ದರ್ಗಾಕ್ಕೆ ಕರೆದೊಯ್ದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇಲ್ಲೇ ಇದೆ. 1937ರಲ್ಲಿ ಪಾಂಡಿಚೇರಿಗೆ ಹೊರಟಿದ್ದ ಖಾನಸಾಹೇಬರು ದಾರಿಯಲ್ಲಿ ಒಂದು ರೈಲು ನಿಲ್ದಾಣದಲ್ಲೇ ತೀರಿಕೊಂಡರಂತೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಉರುಸಿನಲ್ಲಿ ದೊಡ್ಡ ದೊಡ್ಡ ಕಲಾವಿದರು ಬಂದು ಇಲ್ಲಿ ಹಾಡಿ ಹೋಗುತ್ತಾರೆ. ಕರಡಿ ಹೆಗಲಲ್ಲಿದ್ದರೂ ನಾವ್ಯಾರೂ ಒಂದು ಪೆಟ್ಟೂ ಹಾಕಲಿಲ್ಲ. ಮಾಸ್ತರರು ಹೇಳಬೇಕಾಗಲೇ ಇಲ್ಲ.

ಆಮೇಲೆ ಸಿತಾರ್ ಮಾಡುವವರ ಗಲ್ಲಿ. ಅಂಗಡಿಯ ಮಾಡಿನಿಂದ ಕುಂಬಳಕಾಯಿಗಿಂತ ದೊಡ್ಡ ಒಣ ಸೋರೆಬುರುಡೆಗಳು ತೂಗುತ್ತಿದ್ದವು! ಪಂಢರಪುರದ ಕಡೆ ಬೆಳೆಯುವ ಕಹಿಸೋರೆಯಂತೆ. ಅದನ್ನು ಒಣಗಿಸಿ, ಕೊಯ್ದು, ನೀರಲ್ಲಿ ನೆನೆಸಿ ಆಕಾರಕ್ಕೆ ತರುತ್ತಾರೆ. ಈ ಮನೆತನದವರ ಹಿರಿಯರು ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಯುದ್ಧಗಳು ನಿಂತ ಮೇಲೆ ಕೈ ಈ ಕೆಲಸಕ್ಕೆ ತಿರುಗಿತು. ದೂರದ ಟ್ರಿನಿಡಾಡ್ ದ್ವೀಪದಲ್ಲಿ ಹುಡುಗರು ಎಣ್ಣೆಯ ಖಾಲಿ ಪೀಪಾಯಿಗಳನ್ನು ತಟ್ಟಿ ತಗ್ಗು ಮಾಡಿ, ಸ್ವರ ಹೊರಡಿಸಿದ ಕಥೆಯನ್ನು ಮಾಸ್ತರರು ಅಲ್ಲೇ ಹೇಳಿದರು. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ.

ಒಬ್ಬ ಅಜ್ಜ ತಂಬೂರಿಯ ಕುದುರೆಯನ್ನು ಉಜ್ಜುತ್ತಿದ್ದರು. “ಏನ್ ಮಾಡಾಕತ್ತೀರಿ ಅಜ್ಜಾರ?” ಅಂದೆ.

“ಜವಾರಿ ತೆಗ್ಯಾಕತ್ತೀನಿ.”

ನಮಗೆಲ್ಲ ನಗು. ನಮ್ಮೂರಲ್ಲಿ ಜವಾರಿ ಎಂದರೆ ಜವಾರಿ ಬದನೆಕಾಯಿ, ಜವಾರಿ ಕೋಳಿ! ಇಲ್ಲಿ ತಂತಿ ಝೇಂಕರಿಸುವಂತೆ ಕುದುರೆಯನ್ನು ಹದಗೊಳಿಸುವುದಕ್ಕೆ ಆ ಹೆಸರು. ಅಜ್ಜನೂ ನಕ್ಕರು. “ಅಥಣಿಯವರೇನು? ಬರ್ರಿ ಒಳಗ.” ಮರಾಠಿ ಬೆರೆತ ಕನ್ನಡ, ನನಗೆ ಎಲ್ಲ ತಿಳಿಯಿತು.

ಅವರ ಕಣ್ಣು ಸನಾದಿಯ ಮೇಲೆ ಬಿತ್ತು. “ತಮ್ಮಾ, ಒಂದು ಸಾ ಊದು.”

ಅಣ್ಣ ಹಿಂಜರಿಯುತ್ತಲೇ ಊದಿದ. ಅಜ್ಜ ಗೂಟ ತಿರುವಿದರು, ತಂತಿಯ ಕೆಳಗಿನ ನೂಲನ್ನು ಕೂದಲೆಳೆಯಷ್ಟು ಸರಿಸಿದರು, ಮತ್ತೆ ಮೀಟಿದರು. ನಾಲ್ಕೂ ತಂತಿಗಳು ಅಣ್ಣನ ಸನಾದಿಗೆ ಕೂಡಿಕೊಂಡವು. ನಮ್ಮಲ್ಲಿ ಸುರ್ ಹಿಡಿಯುವ ಹುಡುಗನಿಗೆ ಆಗಾಗ ಉಸಿರು ತಪ್ಪುತ್ತದೆ; ಇಲ್ಲಿ ಆ ಚಿಂತೆಯೇ ಇಲ್ಲ. ಅಣ್ಣ ಕಣ್ಣು ಮುಚ್ಚಿ ನುಡಿಸುತ್ತಲೇ ಹೋದ. ಪಕ್ಕದ ಅಂಗಡಿಯವನು ರಂದ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತ.

“ಯಾರ ಕಲಿಸಿದ್ರು?”

“ನಮ್ಮ ಅಜ್ಜರಿ.”

“ಮತ್ತ ಬಾ. ಇದಕ್ಕ ಹೊಂದೂ ತಂಬೂರಿ ಇಲ್ಲೇ ಇರ್ತೈತಿ.”

ಸಂಜೆಯ ಮೆರವಣಿಗೆಯನ್ನು ಏನೆಂದು ಬರೆಯಲಿ? ಕರಡಿ ಬಾರಿಸಿ ನನ್ನ ಅಂಗೈ ಕೆಂಪಾಗಿತ್ತು. ಜನ ‘ಇನ್ನೊಮ್ಮೆ’ ಎಂದು ಎರಡು ಸಲ ನಿಲ್ಲಿಸಿದರು.

ರಾತ್ರಿ ಕೊನೆಯ ಬಸ್ಸಿನಲ್ಲಿ ಎಲ್ಲರೂ ಮಲಗಿದ್ದರು. ಅಣ್ಣ ಸನಾದಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಕಂಡಕ್ಟರ್ ಬಂದಾಗ ಮೆಲ್ಲಗೆ ಕೇಳಿದ:

“ಸಾಹೇಬ್ರ, ಇಚಲಕರಂಜಿಯಿಂದ ಮಿರಜಿಗೆ ಬಸ್ ಚಾರ್ಜ್ ಎಷ್ಟ ಆಗತೈತ್ರಿ?”