ಕಾರಲ್ಲಿ ಬಿಟ್ಟು ಹೋದ ಪಿಸ್ತೂಲು

ಊರಿಂದ ಯಾರೇ ಬಂದು ಸ್ಯಾನ್ ಫ್ರಾನ್ಸಿಸ್ಕೋ ನೋಡಕ್ಕೆ ಹೊರಟರೂ ನಾನು ಹೇಳೋದು ಒಂದೇ ಮಾತು, "ಕಾರಲ್ಲಿ ಏನೂ ಬಿಡಬೇಡಿ". ಖಾಲಿ ಕೈಚೀಲ ಕಂಡರೂ ಗಾಜು ಒಡೀತಾರೆ. ರಸ್ತೆ ಅಂಚಲ್ಲಿ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಬಿದ್ದಿದ್ದ ಚೂರುಗಳನ್ನ ನೋಡಿ ನಮ್ಮತ್ತೆ "ಅಮೆರಿಕಾದಲ್ಲೂ ಹೀಗಾ?!" ಅಂತ ಕಣ್ಣರಳಿಸಿದ್ದರು. ಹೀಗೇ ಅತ್ತೆ. ಇಲ್ಲಿ ಆ ಚೀಲದೊಳಗೆ ಪಿಸ್ತೂಲೂ ಇರಬಹುದು, ಅಷ್ಟೇ ವ್ಯತ್ಯಾಸ.

2015ರ ಜೂನ್ ಕೊನೆಯಲ್ಲಿ ಇದ್ದದ್ದು ಅದೇ. ಕೇಂದ್ರ ಸರ್ಕಾರದ ರೇಂಜರ್ ಒಬ್ಬ ಇಲ್ಲಿ ಬೀದಿಬದಿ ಕಾರು ನಿಲ್ಲಿಸಿ ಹೋದ. ಗುಂಡು ತುಂಬಿದ ಸರ್ಕಾರಿ ಪಿಸ್ತೂಲು ಬ್ಯಾಗಲ್ಲಿ, ಬ್ಯಾಗು ಕಾರಲ್ಲಿ. ಗಾಜು ಒಡೆದು ಕದ್ದರು. ನಾಲ್ಕು ದಿನ ಕಳೆದು ಜುಲೈ 1ಕ್ಕೆ, ಪಿಯರ್ 14ರಲ್ಲಿ ಅಪ್ಪನ ಜೊತೆ ನಡೀತಿದ್ದ 32 ವರ್ಷದ ಕೇಟ್ ಸ್ಟೈನ್ಲಿಗೆ ಅದೇ ಪಿಸ್ತೂಲಿನ ಗುಂಡು ಬಿತ್ತು. ನೆಲಕ್ಕೆ ಬಡಿದು ಪುಟಿದು ಬಂದ ಗುಂಡು. ಉಳೀಲಿಲ್ಲ.

ಹಾರಿಸಿದವನು ಹಲವು ಸಲ ಗಡೀಪಾರಾಗಿ ಮತ್ತೆ ಒಳಗೆ ಬಂದವನು. ಸರಿ, 2016ರ ಚುನಾವಣೆ ಪೂರ್ತಿ ಚರ್ಚೆ ಅದರದ್ದೇ. ಪಿಸ್ತೂಲು ಕಾರಲ್ಲಿ ಯಾಕಿತ್ತು ಅಂತ ಕೇಳಿದವರು ಕಮ್ಮಿ. 2017ರಲ್ಲಿ ಜ್ಯೂರಿ ಅವನನ್ನ ಕೊಲೆ ಆರೋಪದಿಂದ ಬಿಟ್ಟಿತು. ಅಪ್ಪ ಅಮ್ಮ ಸರ್ಕಾರದ ಮೇಲೆ ಕೇಸು ಹಾಕಿದರು, ಹಾಗೆ ಬಿಟ್ಟು ಹೋದದ್ದೇ ನಿರ್ಲಕ್ಷ್ಯ ಅಂತ. 2021ರಲ್ಲಿ ಮೇಲ್ಮನವಿ ಕೋರ್ಟಲ್ಲೂ ಸೋತರು. ಕಾರಿನಿಂದ ಸಾವಿನ ತನಕ ನಡುವೆ ಕೊಂಡಿಗಳು ಬಹಳ, ಅಷ್ಟು ದೂರದ ಕಾರಣಕ್ಕೆ ಹೊಣೆ ಹೊರಿಸಕ್ಕಾಗಲ್ಲ ಅನ್ನೋದು ತೀರ್ಪಿನ ತಿರುಳು. ತರ್ಕ ನಂಗೂ ಅರ್ಥ ಆಗತ್ತೆ. ಆದ್ರೆ ದಿನಾ ಗಾಜು ಒಡೆಯೋ ಊರಲ್ಲಿ ಮೊದಲ ಕೊಂಡಿ ಯಾವುದು ಅಂತ ಮಗುವಿಗೂ ಗೊತ್ತು.

ಇದಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು, 2017ರ ಜನವರಿಯಿಂದ. ಕಾರು ಬಿಟ್ಟು ಹೋಗುವಾಗ ಪಿಸ್ತೂಲು ಡಿಕ್ಕಿಯಲ್ಲಿ ಬೀಗದೊಳಗಿರಬೇಕು, ಇಲ್ಲಾ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಕಣ್ಣಿಗೆ ಬೀಳದ ಹಾಗೆ. ಗ್ಲೋವ್ ಬಾಕ್ಸ್ ಲೆಕ್ಕಕ್ಕಿಲ್ಲ. ಪೊಲೀಸರಿಗೂ ಅನ್ವಯ (ಇಲ್ಲದಿದ್ದರೆ ಏನು ಬಂತು!). ತಪ್ಪಿದರೆ ಹೆಚ್ಚೆಂದರೆ 1,000 ಡಾಲರ್ ದಂಡ. ಕೊಲೊರಾಡೋ ಕೂಡ 2025ರಿಂದ ಇಂಥದ್ದೇ ನಿಯಮ ತಂದಿದೆ.

ಟೆಕ್ಸಾಸಲ್ಲಿ ಪ್ರಶ್ನೆ ತಿರುವು ಮುರುವು. ಅಲ್ಲಿ 2011ರ ಕಾನೂನಿನ ಪ್ರಕಾರ, ನೌಕರ ತನ್ನ ಕಾರಿಗೆ ಬೀಗ ಹಾಕಿ ಒಳಗೆ ಬಂದೂಕು ಇಟ್ಟರೆ ಸಾಮಾನ್ಯವಾಗಿ ಕಂಪನಿ ತಡೆಯೋ ಹಾಗಿಲ್ಲ. ಇದರ ಮೂಲ ಓಕ್ಲಹೋಮಾ. 2002ರಲ್ಲಿ ಒಂದು ಕಾಗದದ ಕಾರ್ಖಾನೆ ತನ್ನ ಪಾರ್ಕಿಂಗಲ್ಲಿ ನಾಯಿ ಬಿಟ್ಟು ಹುಡುಕಿಸಿ, ಗನ್ ಸಿಕ್ಕ ಕೆಲಸಗಾರರನ್ನ ಮನೆಗೆ ಕಳಿಸಿತ್ತು. ಆಸ್ಟಿನ್‌ನಲ್ಲಿರೋ ನಮ್ಮ ಭಾವ ಆಫೀಸಿನ ಪಾರ್ಕಿಂಗ್ ಲಾಟನ್ನ "ಆಯುಧಶಾಲೆ" ಅಂತಲೇ ಕರೀತಾರೆ. ಗಮನಿಸಿ, ಶಾಲೆಗೆ ತರಬೇಡ, ಕೋರ್ಟಿಗೆ ತರಬೇಡ ಅಂದಷ್ಟೂ ಬಂದೂಕು ಉಳಿಯೋದು ಕಾರಲ್ಲೇ. ಆ ನಿಷೇಧಗಳು ಬೇಕು, ನಾನೂ ಅದರ ಪರವೇ. ಆದರೆ ಕಳ್ಳನಿಗೂ ಇದು ಗೊತ್ತು.

ನಮ್ಮ ಮಡಿಕೇರಿ ಗೆಳೆಯನ ಹತ್ರ ಇದನ್ನೇ ಮಾತಾಡ್ತಿದ್ದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, 2019ರಲ್ಲಿ ಅದನ್ನ 2029ರ ತನಕ ಮುಂದುವರಿಸಿದ್ದಾರೆ. "ಕೈಲ್ ಪೊಳ್ದ್‌ಗೆ ತೋಕ್ ಪೂ ಇಟ್ಟು ಪೂಜೆ ಮಾಡೋ ಕೋವಿ ಮಾರಾಯ, ಅಪ್ಪ ಅದನ್ನ ಜೀಪಲ್ಲಿ ಬಿಟ್ಟು ಕಾಫಿ ಕುಡಿಯೋಕೆ ಹೋಗಿದ್ದು ನಾನು ನೋಡೇ ಇಲ್ಲ" ಅಂದ. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲ, ಬೀಗ ಹಾಕಿದ ಪೆಟ್ಟಿಗೆ ಅಂದ್ಯಲ್ಲ, ಕಳ್ಳ ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋದ್ರೆ?"

ಸೀಟಿನ ಕೆಳಗಿನ ಕಬ್ಬಿಣಕ್ಕೆ ಕೇಬಲ್ ಕಟ್ಟಿ ಬಿಗಿಯೋ ಪೆಟ್ಟಿಗೆ ಬರತ್ತೆ ಅಂದೆ. ಕೇಬಲ್ ಕತ್ತರಿಸಕ್ಕೆ ಎಷ್ಟು ಹೊತ್ತು ಬೇಕು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೆಕ್ಸಾಸ್, ಕೊಲೊರಾಡೋ ಕಡೆ ಇರೋರು ಯಾರಾದ್ರೂ ಇದ್ದೀರಾ? ನಿಮ್ಮ ಆಫೀಸಿನ ಪಾರ್ಕಿಂಗಲ್ಲಿ ಹೇಗೆ?