ಲಾರಿಯ ಹಿಂದೆ ನಿಂತವನು

ನಾನು ಮದ್ರಸ ಅಧ್ಯಾಪಕ. ಲಾರಿಯ ವಿಚಾರವಾಗಿ ಬರೆಯಲು ನನಗಿರುವ ಅರ್ಹತೆ ಒಂದೇ: ಒಂದು ಮುಂಜಾನೆ ಲಾರಿಯೊಂದನ್ನು ಹಿಂದಕ್ಕೆ ಕರೆಯಲು ನಿಂತು ನಾನು ತಪ್ಪು ಮಾಡಿದ್ದೇನೆ.

ಎರಡು ವರ್ಷಗಳ ಹಿಂದೆ ನಮ್ಮ ಮದ್ರಸದ ಆವರಣ ಗೋಡೆಗೆ ಕೆಂಪುಕಲ್ಲು ತರಿಸುವ ಹೊಣೆಯನ್ನು ಸಮಿತಿಯವರು ನನಗೆ ವಹಿಸಿದ್ದರು. ದಕ್ಷಿಣ ಕನ್ನಡದ ಅನೇಕ ಮದ್ರಸಗಳಂತೆ ನಮ್ಮಲ್ಲಿಯೂ ತರಗತಿಗಳು ಬೆಳಿಗ್ಗೆ 7ರಿಂದ 9ರವರೆಗೆ. ಅನಂತರ ಮಕ್ಕಳು ಶಾಲೆಗೆ ಓಡುತ್ತಾರೆ. ಕಲ್ಲು ಪೂರೈಸುವವರಿಗೆ ಫೋನ್ ಮಾಡಿ, “9 ಗಂಟೆಯೊಳಗೆ ತಲುಪಿಸಿ, ಆಗ ನಾನು ಇರುತ್ತೇನೆ” ಎಂದೆ. ನಾನು ಇರುತ್ತೇನೆಂಬುದನ್ನು ಯೋಚಿಸಿದೆನೇ ಹೊರತು, ಆ ಹೊತ್ತಿಗೆ ಅಂಗಳದಲ್ಲಿ ಇನ್ನು ಯಾರಿರುತ್ತಾರೆಂದು ಯೋಚಿಸಲಿಲ್ಲ. ಎರಡು ಬಾರಿ ಬಾಡಿಗೆ ಕೊಡುವುದೇಕೆಂದು, “ಒಂದೇ ಲೋಡಿನಲ್ಲಿ ಹಾಕಿಬಿಡಿ” ಎಂದೂ ಸೇರಿಸಿದೆ. ಲಾರಿ ಹೊರಟ ಮೇಲೆ ಚಾಲಕರಿಗೆ ಮೂರು ಸಲ ಕರೆ ಮಾಡಿ, ಎಲ್ಲಿಗೆ ಮುಟ್ಟಿತೆಂದು ವಿಚಾರಿಸಿದೆ. ಮೂರು ಸಲವೂ ಅವರ ಒಂದು ಕೈ ಸ್ಟಿಯರಿಂಗ್ ಬಿಟ್ಟಿರಬೇಕು.

ಬಂದದ್ದು ಆರು ಚಕ್ರದ ಲಾರಿ. ಎಂಜಿನ್, ಕ್ಯಾಬಿನ್, ಹಿಂದಿನ ತೊಟ್ಟಿ ಎಲ್ಲವೂ ಒಂದೇ ಚಾಸಿಸ್ ಮೇಲಿರುವ, ನಮ್ಮೂರಿನ ಅಂಗಡಿ ಗೋದಾಮುಗಳಿಗೆ ದಿನವೂ ಬರುವ ಸಾಮಾನ್ಯ ಲಾರಿ. ಚಾಲಕರು ಐವತ್ತು ದಾಟಿದ ಬ್ಯಾರಿ ಹಿರಿಯರು. ಎಲ್ಲರೂ ಅವರನ್ನು ಕಾಕ ಎಂದು ಕರೆಯುತ್ತಿದ್ದರು. ಜೊತೆಗೆ ಕ್ಲೀನರ್ ಇರಲಿಲ್ಲ. ನಮ್ಮ ಗೇಟು ರಸ್ತೆಯಿಂದ ಸ್ವಲ್ಪ ಇಳಿಜಾರಿನಲ್ಲಿದೆ. ಲಾರಿ ಹಿಮ್ಮುಖವಾಗಿಯೇ ಒಳಗೆ ಬರಬೇಕು. ನಾನು ಹಿಂದೆ ನಿಂತು ಕೈಬೀಸುತ್ತಾ “ಬರಲಿ, ಬರಲಿ” ಎನ್ನತೊಡಗಿದೆ. ಅಷ್ಟರಲ್ಲಿ ತರಗತಿ ಬಿಟ್ಟಿತು.

ಐದನೇ ತರಗತಿಯ ಬಾಲಕನೊಬ್ಬನ ಟೊಪ್ಪಿ ಯಾರದೋ ಚೇಷ್ಟೆಯಿಂದ ಹಾರಿ ಲಾರಿಯ ಹಿಂದೆ ಬಿತ್ತು. ಅವನು ಅದನ್ನು ಎತ್ತಲು ಬಗ್ಗಿದ. ನಾನು ಲಾರಿಯನ್ನು ಮರೆತು ಅವನತ್ತ ಧಾವಿಸಿದೆ. ಮರುಕ್ಷಣವೇ ಲಾರಿ ನಿಂತಿತು. ಬಾಲಕನ ತಲೆಗೂ ಲಾರಿಯ ಹಿಂಬಾಗಿಲಿಗೂ ಎರಡು ಮೊಳದ ಅಂತರವಿತ್ತು.

ಕಾಕ ಬಾಲಕನನ್ನು ಕಂಡು ನಿಲ್ಲಿಸಿದರೆಂದೇ ನಾನು ಭಾವಿಸಿದ್ದೆ. ಅವರು ಇಳಿದು ಬಂದು ಅವನನ್ನು ನೋಡಿದಾಗ ಅವರ ಮುಖ ಬಿಳುಪೇರಿತು. ಅವರು ಅವನನ್ನು ಕಂಡೇ ಇರಲಿಲ್ಲ. “ಉಸ್ತಾದರೇ, ನೀವು ಕನ್ನಡಿಯಿಂದ ಮಾಯವಾದಿರಿ, ಅದಕ್ಕೆ ನಿಲ್ಲಿಸಿದೆ” ಎಂದರು. “ಕರೆಯುವವನು ಕಾಣದಿದ್ದರೆ ಬ್ರೇಕ್ ಒತ್ತಬೇಕು. ಯಾಕೆ ಕಾಣುತ್ತಿಲ್ಲ ಎಂದು ಯೋಚಿಸುವುದು ಆಮೇಲೆ.”

ಬಳಿಕ ಅವರು ನನ್ನನ್ನು ಚಾಲಕನ ಆಸನದಲ್ಲಿ ಕೂರಿಸಿದರು. ಇದನ್ನು ಓದುವವರಲ್ಲಿ ಅಂಗಡಿ, ಮಸೀದಿ, ಮನೆ ಕಟ್ಟಿಸುವವರು ಇದ್ದರೆ ಒಮ್ಮೆ ಹಾಗೆ ಕುಳಿತು ನೋಡಬೇಕೆಂದು ವಿನಂತಿ. ಎರಡು ಕನ್ನಡಿಗಳಲ್ಲಿ ಲಾರಿಯ ಎರಡು ಪಕ್ಕಗಳು ಕಾಣುತ್ತವೆ; ನೇರ ಹಿಂದೆ ಏನೂ ಕಾಣದು, ಅಲ್ಲಿ ತೊಟ್ಟಿಯೂ ಕಲ್ಲಿನ ರಾಶಿಯೂ ಅಡ್ಡ. ಮುಂದೆ ಬಂಪರಿಗೆ ತಾಗಿ ನಿಂತ ಚಿಕ್ಕ ಮಗುವೂ ಕಾಣದು. ಎಡಬದಿಯ ಮುಂಚಕ್ರದ ಬಳಿ ನಿಂತವರೂ ಕಾಣುವುದು ಕಷ್ಟ. ನಾನು ನಿಂತಿದ್ದುದು ಸರಿಯಾಗಿ ಲಾರಿಗೂ ಗೋಡೆಗೂ ನಡುವೆ. ಹಾಗೆ ನಿಲ್ಲುವವನು ದಾರಿ ತೋರಿಸುವವನಲ್ಲ, ಮೊದಲು ಸಿಕ್ಕಿಬೀಳುವವನು. ಚಾಲಕನ ಬದಿಯಲ್ಲಿ, ಲಾರಿಯ ಸಾಲಿನಿಂದ ಹೊರಗೆ, ಅವನ ಕನ್ನಡಿಯಲ್ಲಿ ತನ್ನ ಮುಖ ಸದಾ ಕಾಣುವಂತೆ ನಿಲ್ಲಬೇಕು. ಹತ್ತು ಮಂದಿ ಹತ್ತು ಕಡೆಯಿಂದ ಕೂಗಬಾರದು, ಒಬ್ಬನೇ ಕರೆಯಬೇಕು.

ಉಳಿದ ಕೆಲಸವನ್ನು ಕಾಕ ತಮ್ಮ ರೀತಿಯಲ್ಲಿಯೇ ಮಾಡಿದರು. ಕೊನೆಯ ಮಗು ಗೇಟು ದಾಟುವವರೆಗೆ ಎಂಜಿನ್ ಚಾಲೂ ಮಾಡಲಿಲ್ಲ. ಅಂಗಳವನ್ನು ಸುತ್ತಿ, ನೀರಿನ ಟ್ಯಾಂಕಿನ ಮುಚ್ಚಳ ಎಲ್ಲಿದೆ, ಮೇಲೆ ವಿದ್ಯುತ್ ತಂತಿ ಎಷ್ಟು ತಗ್ಗಿದೆ ಎಂದು ನೋಡಿದರು. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಇಳಿಜಾರಿನ ಕಡೆ ಚಕ್ರಗಳಿಗೆ ಕಲ್ಲು ಕೊಟ್ಟರು. ಹಿಂಬಾಗಿಲ ಕೊಂಡಿ ತೆಗೆಯುವಾಗ ಕೂಲಿಯವರನ್ನು ಬದಿಗೆ ಸರಿಸಿದರು. ದಾರಿಯ ಕುಲುಕಾಟಕ್ಕೆ ಕಲ್ಲುಗಳು ಸರಿದು ಬಾಗಿಲಿಗೆ ಒರಗಿರುತ್ತವೆ, ತೆರೆದ ಕೂಡಲೇ ಕಾಲಿನ ಮೇಲೆ ಬೀಳುತ್ತವೆ ಎಂದರು.

ಸಮಿತಿಯ ಹಿರಿಯರೊಬ್ಬರಿಗೆ ವಿಷಯ ತಿಳಿಸಿದಾಗ ಅವರು, “ಏನೂ ಆಗಲಿಲ್ಲವಲ್ಲ ಉಸ್ತಾದ್, ಅಲ್ಹಮ್ದುಲಿಲ್ಲಾಹ್. ಆಗಬೇಕೆಂದಿದ್ದರೆ ಯಾರು ತಡೆಯುತ್ತಿದ್ದರು?” ಎಂದರು. ಅವರ ಈಮಾನನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಮೊದಲು ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ರ ಉಪದೇಶವನ್ನು ನಾನೇ ಪ್ರತಿವರ್ಷ ಪಾಠ ಮಾಡುತ್ತೇನೆ. ಬಹುಶಃ ಆ ಬಾಲಕನಿಗೂ ಅದನ್ನು ಕಂಠಪಾಠ ಮಾಡಿಸಿದ್ದೆ. ಅಂದು ಒಂಟೆಯನ್ನು ಕಟ್ಟಿದವರು ಕಾಕ. ಬಿಚ್ಚಿಬಿಟ್ಟವನು ನಾನು.

ಲಾರಿಯಿಂದ ಅನಾಹುತವಾದರೆ ನಾವು ಮೊದಲು ಚಾಲಕನ ಕೊರಳಪಟ್ಟಿಗೆ ಕೈಹಾಕುತ್ತೇವೆ. ಸರಕು ತರಿಸಿದವನನ್ನು ಯಾರೂ ಕೇಳುವುದಿಲ್ಲ. ಆದರೆ ಸಮಯವನ್ನು ನಿರ್ಧರಿಸಿದವನು ಅವನು, ಒಂದೇ ಲೋಡಿನಲ್ಲಿ ತುಂಬಿಸಿದವನು ಅವನು. ಹಿಂದೆ ನಾಲ್ಕು, ಮುಂದೆ ಎರಡು ಚಕ್ರಗಳಿರುವ ಲಾರಿ ತನ್ನ ಸ್ವಂತ ತೂಕವೂ ಸೇರಿ ಹೆಚ್ಚೆಂದರೆ 18.5 ಟನ್ ಇರಬಹುದೆಂದು 2018ರಲ್ಲಿ ಕೇಂದ್ರ ಸರಕಾರ ನಿಗದಿಪಡಿಸಿದೆ. ಮೀರಿದರೆ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. ನಾನು ಉಳಿಸಲು ಹೊರಟದ್ದು ಒಂದು ಬಾಡಿಗೆಯನ್ನು. ಭಾರ ಹೆಚ್ಚಾದಷ್ಟೂ ಬ್ರೇಕ್ ಒತ್ತಿದ ಮೇಲೆ ಲಾರಿ ನಿಲ್ಲುವ ದೂರವೂ ಹೆಚ್ಚು. ಎರಡು ಮೊಳದ ಲೆಕ್ಕದಲ್ಲಿ ಅದು ಎಷ್ಟೆಂದು ಯೋಚಿಸಲು ಈಗಲೂ ಧೈರ್ಯ ಬಾರದು. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆಯ ದುಡಿಮೆ, 5 ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು 1961ರ ಕಾಯ್ದೆ ಹೇಳುತ್ತಿತ್ತು. ಕಾಕ ರಾತ್ರಿ 3 ಗಂಟೆಗೆ ಎದ್ದು ಕಲ್ಲಿನ ಕೋರೆಗೆ ಹೋಗಿದ್ದರಂತೆ. ಅದನ್ನು ನಾನು ಕೇಳಿದ್ದು ಕಲ್ಲು ಇಳಿದು ಮುಗಿದ ಮೇಲೆ.

ಈಗ ನಮ್ಮಲ್ಲಿ ಸರಕು ಬರುವುದು 10 ಗಂಟೆಯ ನಂತರ. ಲಾರಿ ಒಳಗಿರುವಾಗ ಗೇಟಿಗೆ ಸರಪಳಿ. ಕರೆಯಲು ನಿಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡುತ್ತೇವೆ. ಅಡುಗೆ ಅನಿಲದ ಲಾರಿಯವರಿಗೆ ಇದೊಂದು ತಮಾಷೆಯಾಗಿ ಕಂಡಿತ್ತು, ಈಗ ರೂಢಿಯಾಗಿದೆ.

ಆ ಬಾಲಕ ಈಗ ಏಳನೇ ತರಗತಿಯಲ್ಲಿದ್ದಾನೆ. ಅಂದಿನ ಸಂಗತಿಯನ್ನು ಅವನ ಮನೆಯವರಿಗೆ ನಾನು ಹೇಳಿರಲಿಲ್ಲ. ಹೇಳದೆ ಇದನ್ನು ಬರೆಯುವುದು ಸರಿಯಲ್ಲವೆನಿಸಿ ಕಳೆದ ವಾರ ಅವರ ಮನೆಗೆ ಹೋದೆ. ಅವನ ಉಮ್ಮ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದರು. ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, “ಉಸ್ತಾದ್, ಆ ಕಾಕ ಅವತ್ತು ಒಂದು ಚಾ ಆದರೂ ಕುಡಿದು ಹೋದರಾ?” ಎಂದು ಕೇಳಿದರು.

ಇಲ್ಲ ಎಂದೆ.