ನಾನು ಹೆಡ್‌ಫೋನು ಕೊಂಡದ್ದು

ಕಳೆದ ಯುಗಾದಿಯ ದಿನ ಸಂಘದಲ್ಲಿ ಹೋಳಿಗೆ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಮಿತ್ರರೊಬ್ಬರು ಪಕ್ಕಕ್ಕೆ ಕರೆದು, "ಹಾಡಿಕೆ ಕೇಳಲಿಕ್ಕೆ ಹೆಡ್‌ಫೋನು ಯಾವುದು ಛಲೋರಿ? ನೀವು ಸಾಯನ್ಸ್ ಕಲಿತವರು, ಮೊನ್ನೆ ತಗೊಂಡೀರಂತಲ್ಲ" ಎಂದು ಕೇಳಿದರು. ಅದಕ್ಕೂ ಮೊದಲು ಇನ್ನಿಬ್ಬರು ಕೇಳಿದ್ದರು. ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಹೆಡ್‌ಫೋನಿನ ಹಿಂದೆ ನಡೆದ ಪ್ರಸಂಗವನ್ನು ಬಿಟ್ಟು ಬರೀ ಹೆಸರು ಹೇಳುವುದು ನನಗೆ ಸರಿಕಾಣಲಿಲ್ಲ. ಲೇಖನ ಕೊಡಿ ಎಂದು ಸಂಪಾದಕರು ಬೇರೆ ಬೆನ್ನು ಹತ್ತಿದ್ದರು. ಹೀಗಾಗಿ ಮೂವರಿಗೂ ಇಲ್ಲಿಯೇ ಉತ್ತರ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಹಾಡುವವರಲ್ಲ, ಕೇಳುವವರು. ಧಾರವಾಡದ ನಮ್ಮ ಮನೆಯಲ್ಲಿ ರೇಡಿಯೋ ಇದ್ದದ್ದು ದೇವರ ಗೂಡಿನ ಪಕ್ಕದಲ್ಲಿ. ಮಲ್ಲಿಕಾರ್ಜುನ ಮನ್ಸೂರರ ದನಿ ಬಂದರೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಹಾಗೆಯೇ ಬಿಟ್ಟು ಕೂಡುತ್ತಿದ್ದರು. ನಾವು ಮಕ್ಕಳು ಮಾತಾಡಿದರೆ ಕಣ್ಣಿನಲ್ಲಿಯೇ ಗದರಿಸುತ್ತಿದ್ದರು. ಆ ರುಚಿ ನನಗೂ ಹತ್ತಿತು. ಆದರೆ ಮುಂಬಯಿಗೆ ಬಂದು ಸರಕಾರದ ಗುಮಾಸ್ತನಾದ ಮೇಲೆ ಹಾಗೆ ಕೂತು ಕೇಳುವ ಜಾಗ ಸಿಗಲಿಲ್ಲ. ಅಂಟಾಪ್ ಹಿಲ್‌ನ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆ. ಹನ್ನೆರಡನೆಯ ಇಯತ್ತೆಯ ಮಗಳು ಒಂದರಲ್ಲಿ ಓದುತ್ತಾಳೆ, ಇನ್ನೊಂದರಲ್ಲಿ ಉಳಿದ ಸಂಸಾರವೆಲ್ಲ. ಹಾಡು ಹಚ್ಚಿದರೆ, "ಪಪ್ಪಾ, ಆವಾಜು!" ಎಂದು ಕೂಗು ಬರುತ್ತದೆ. ಸಂಗೀತಕ್ಕೆ ಆವಾಜು ಎನ್ನುವ ಪೀಳಿಗೆಯನ್ನು ನಾವೇ ಇಲ್ಲಿ ಬೆಳೆಸಿದ್ದೇವೆ, ಯಾರಿಗೆ ಹೇಳೋಣ?

ಮೊದಲು ನನ್ನ ಬಳಿ ಇದ್ದದ್ದು ಕಿವಿಯೊಳಗೆ ತೂರಿಸಿಕೊಳ್ಳುವ ಎರಡು ಗುಬ್ಬಿಗಳು. ತಂತಿ ಇಲ್ಲದ್ದು, ಅಗ್ಗದ್ದು. ಬೇಲಾಪುರದ ಕಚೇರಿಗೆ ಹಾರ್ಬರ್ ಲೈನಿನಲ್ಲಿ ಹೋಗಿ ಬರುವಾಗ ಅದರಲ್ಲಿ ಒಂದನ್ನು ಮಾತ್ರ ಎಡಗಿವಿಗೆ ಹಾಕಿಕೊಳ್ಳುತ್ತಿದ್ದೆ. ಬಲಗಿವಿಯನ್ನು ಸ್ಟೇಷನ್ನುಗಳ ಹೆಸರಿಗೆ ಮತ್ತು ಗಾಡಿಯ ಗೆಳೆಯರ ಮಾತಿಗೆ ಬಿಟ್ಟಿದ್ದೆ. ವಾನಖೇಡೆಯ ಕ್ರಿಕೆಟ್ಟಿನಿಂದ ಹಿಡಿದು ತುಟ್ಟಿಭತ್ಯದವರೆಗೆ ಚರ್ಚೆ ನಡೆಯುವಾಗ ಎರಡೂ ಕಿವಿ ಮುಚ್ಚಿಕೊಂಡು ಕೂತರೆ ಸೊಕ್ಕು ಎಂದಾರು. ಗಾಡಿಯ ಸದ್ದನ್ನು ಮೀರಿ ಹಾಡು ಕೇಳಬೇಕೆಂದರೆ ಸ್ವಲ್ಪ ಏರಿಸಬೇಕಾಗುತ್ತಿತ್ತು. ವಾಶಿಯ ಖಾಡಿಯ ಸೇತುವೆಯ ಮೇಲೆ ಇನ್ನೂ ಸ್ವಲ್ಪ. ಸೇತುವೆ ದಾಟಿದ ಮೇಲೆ ಇಳಿಸುವುದು ನೆನಪಾಗುತ್ತಿರಲಿಲ್ಲ.

ಈ ಗುಬ್ಬಿಗಳ ದೋಷ ನನಗೆ ತಿಳಿದದ್ದು ಒಂದು ರಾತ್ರಿ ಮನೆಯಲ್ಲಿ ಗಂಗೂಬಾಯಿ ಹಾನಗಲ್ಲರನ್ನು ಕೇಳುತ್ತಿದ್ದಾಗ. ಅವರದು ಮೊದಲೇ ದಪ್ಪ ಕಂಠ. ಟಾನ್ಸಿಲ್ ಚಿಕಿತ್ಸೆಯ ನಂತರ ಬಂದ ಗಡಸುತನ ಅದು. ಈ ಗುಬ್ಬಿಗಳಲ್ಲಿ ಅದು ಹಗೇವಿನೊಳಗಿಂದ ಬಂದಂತೆ ಕೇಳಿಸಿತು. ತಬಲದ ಬಾಯಾ ಉಬ್ಬಿ ಉಬ್ಬಿ ದನಿಯ ಮೇಲೆ ಬಂದು ಕೂಡುತ್ತಿತ್ತು. ಕುಮಾರ ಗಂಧರ್ವರನ್ನು ಹಚ್ಚಿದೆ. ಕ್ಷಯದಿಂದ ಒಂದು ಶ್ವಾಸಕೋಶವೇ ಕೆಲಸಕ್ಕೆ ಬಾರದಂತಾಗಿ, ಸಣ್ಣ ಸಣ್ಣ ತುಣುಕುಗಳಲ್ಲಿ ಹಾಡುವುದನ್ನೇ ಒಂದು ಬೆಡಗು ಮಾಡಿಕೊಂಡವರು ಅವರು. ಆ ತುಣುಕುಗಳ ನಡುವಿನ ಉಸಿರು ಕೇಳದಿದ್ದರೆ ಅರ್ಧ ಹಾಡು ಹೋದಂತೆ. ಈ ಗುಬ್ಬಿಯಲ್ಲಿ ಉಸಿರಿನ ಸುಳಿವೇ ಇರಲಿಲ್ಲ. ಸಿನಿಮಾದ ಕುಣಿತದ ಹಾಡಿಗೆಂದು ಮಾಡಿದ ವಸ್ತು ಅದು, ಪಾಪ, ಅದರದೇನು ತಪ್ಪು?

ತನ್ನ ಕಡೆಯಿಂದ ಏನನ್ನೂ ಸೇರಿಸದ, ಏನನ್ನೂ ಕಳೆಯದ ಹೆಡ್‌ಫೋನು ಬೇಕು ಎಂದು ನಿಶ್ಚಯಿಸಿದೆ. ಕರ್ನಾಟಕ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜು ಕೈಗೆ ಕೊಡುತ್ತಿದ್ದ ಹಾಗೆ ಮೊದಲು ಝೀರೋ ಎರರ್ ನೋಡು ಎನ್ನುತ್ತಿದ್ದರಲ್ಲ, ಅಂಥದೇ ಮಾತು. ನನ್ನ ತಿಳಿವಳಿಕೆಯಲ್ಲಿ ಇದು ಸುಲಭವಾಗಿತ್ತು: 20ರಿಂದ 20,000 ಹರ್ಟ್ಸ್‌ವರೆಗೆ ಗೆರೆ ಸಪಾಟಾಗಿದ್ದರೆ ಆಯಿತು. ಓದುತ್ತ ಹೋದಂತೆ ಅದು ಅಷ್ಟು ಸರಳವಲ್ಲವೆಂದು ಗೊತ್ತಾಯಿತು. ನಮ್ಮ ಕಿವಿಯ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಒಂದು ತುದಿ ತಮಟೆಯಿಂದ ಮುಚ್ಚಿದೆ. ರೆಸೊನನ್ಸ್ ಕಾಲಮ್ ಪ್ರಯೋಗ ಮಾಡಿದವರು ಕೂಡಲೇ ಲೆಕ್ಕ ಹಾಕಬಲ್ಲರು: ಸದ್ದಿನ ವೇಗವನ್ನು ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸುಮಾರು 3400. ಎದುರಿಗೆ ಕೂತು ಹಾಡುವವರ ದನಿಯಲ್ಲಿ 3000 ಹರ್ಟ್ಸ್ ಆಸುಪಾಸಿನ ಭಾಗವನ್ನು ಕಿವಿಯೇ ಎತ್ತಿಕೊಡುತ್ತದೆ ಎಂದಾಯಿತು. ಹೆಡ್‌ಫೋನು ಹೊರಕಿವಿಯ ಕೆಲಸವನ್ನು ಅಡ್ಡಿಮಾಡುವುದರಿಂದ ಆ ಎತ್ತರವನ್ನು ಅದೇ ತುಂಬಿಕೊಡಬೇಕು. ಬರೀ ಸಪಾಟಾದರೆ ಹಾಡುವವರು ಬಾಯಿಗೆ ಸೆರಗು ಹಿಡಿದಂತೆ ಕೇಳುತ್ತದೆ. ಎತ್ತರ ಹೆಚ್ಚಾದರೆ ಸ, ಶ ಬಂದಾಗಲೆಲ್ಲ ಒಗ್ಗರಣೆಯ ಸಾಸಿವೆ ಸಿಡಿದಂತಾಗುತ್ತದೆ. ಹರ್ಮನ್ ಕಂಪನಿಯ ಸಂಶೋಧಕರು 2012-13ರ ಸುಮಾರಿಗೆ ಜನರನ್ನು ಕೂಡಿಸಿ, ಕೇಳಿಸಿ, ಯಾವ ಗೆರೆ ಹೆಚ್ಚು ಜನಕ್ಕೆ ಸಹಜವೆನ್ನಿಸುತ್ತದೆಂದು ಗೊತ್ತುಮಾಡಲು ಹೊರಟರು. ಆ ಗೆರೆಯೂ ಸಪಾಟಲ್ಲ, ಅದರಲ್ಲೂ ಗುಡ್ಡವಿದೆ.

ಗಾಯನಕ್ಕೆ ಸೆನ್‌ಹೈಸರ್‌ನ ಎಚ್‌ಡಿ 600 ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. 1997ರಲ್ಲಿ ಬಂದದ್ದು, ಇಂದಿಗೂ ಅದರ ಹೆಸರು ಕೆಟ್ಟಿಲ್ಲ. ಆದರೆ ಅದಕ್ಕೆ 300 ಓಮ್ ತಡೆ. ಮೊಬೈಲಿಗೆ ನೇರವಾಗಿ ಸಿಕ್ಕಿಸಿದರೆ ಅದಕ್ಕೆ ತಕ್ಕ ನ್ಯಾಯ ಸಿಗದು, ಬೇರೆ ಆಂಪ್ಲಿಫಯರು ಬೇಕು. ಮೇಲಾಗಿ ಅದು ಬೆನ್ನು ತೆರೆದ ಮಾದರಿ, ಒಳಗಿನ ಹಾಡು ಹೊರಗೂ, ಹೊರಗಿನ ಕುಕ್ಕರು ಒಳಗೂ ಕೇಳುತ್ತದೆ. ಎರಡು ಕೋಣೆಯ ಮನೆಗೆ ಮುಚ್ಚಿದ ಬೆನ್ನಿನದೇ ಗತಿ. ಖರ್ಚಿನ ಮಾತು ಬೇರೆ. ದಸರೆಯ ಹೊತ್ತಿಗೆ ನಮಗೆ ಬರುವ ಬೋನಸು 6908 ರೂಪಾಯಿ. ಸಂಬಳ ಎಷ್ಟಿದ್ದರೂ 7000 ಎಂದು ಹಿಡಿದು ಮಾಡುವ ಲೆಕ್ಕ ಅದು. ಅಷ್ಟರೊಳಗೆ ಆಗಬೇಕು ಎಂದು ಮನೆಯಲ್ಲಿ ಠರಾವು ಪಾಸಾಯಿತು.

2024ರ ದಸರೆ ಮುಗಿದ ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯ ಹುಡುಗ ನೋಡಿದ ಕೂಡಲೇ, "ಬಾಸ್ ಕಿತನಾ ಮಂಗ್ತಾ ಹೈ, ಸಾಬ್?" ಎಂದ. ಬಾಸ್ ಬೇಡಪ್ಪಾ, ಮನುಷ್ಯನ ದನಿ ಬೇಕು ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ ಒಳಗಿನಿಂದ ಸ್ಟುಡಿಯೋದವರು ಬಳಸುವ ನಾಲ್ಕೈದು ತಂದಿಟ್ಟ. ನಾನು ಕೇಳಿದ್ದು ಒಂದೇ ಹಾಡು: ಮನ್ಸೂರರು ಹಾಡಿದ ಒಂದು ವಚನ. ಹಳೆಯ ಮುದ್ರಿಕೆ, ಸ್ಟೀರಿಯೋ ಅಲ್ಲ. ಎರಡೂ ಬದಿಗೆ ಒಂದೇ ದನಿ ಬರುವುದರಿಂದ ಅದು ತಲೆಯ ನಟ್ಟನಡುವೆ ನಿಲ್ಲಬೇಕು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮೇಲಾಗಿ ವಚನದಲ್ಲಿ ರಾಗದಷ್ಟೇ ಮಾತೂ ಮುಖ್ಯ. ಒಂದೊಂದು ಅಕ್ಷರದ ಅಂಚೂ ಕೇಳಬೇಕು. ಮೂರನೆಯದನ್ನು ಹಾಕಿಕೊಂಡಾಗ ಇದೇ ಎನ್ನಿಸಿತು. ದನಿಗೆ ಬಣ್ಣ ಹಚ್ಚಿರಲಿಲ್ಲ. ಮುದಿಕಂಠದ ಸಣ್ಣ ಕೆರೆತ, ತಂಬೂರಿಯ ಜವಾರಿ ಎಲ್ಲ ಅವುಗಳ ಜಾಗದಲ್ಲಿ ಇದ್ದವು. ಪೆಟ್ಟಿಗೆ ಕಟ್ಟಿಸಿಕೊಂಡು ಬಂದೆ.

ಮನೆಯಲ್ಲಿ ರಾತ್ರಿ ಶಾಂತವಾದ ಮೇಲೆ ಮತ್ತೆ ಕೇಳಿದೆ. ಏನೋ ಸರಿಯಿಲ್ಲ. ದನಿಯ ಒಡಲು ನಡುವೆ ಇತ್ತು, ಆದರೆ ಅದರ ಅಂಚು ಬಲಕ್ಕೆ ಸರಿದಿತ್ತು. ಸ, ಶ, ಚ ಎಲ್ಲ ಬಲಗಡೆಯೇ ಬೀಳುತ್ತಿದ್ದವು. ತಂಬೂರಿಯ ಝೇಂಕಾರವೂ ಅಲ್ಲಿಯೇ. ಎಡಬದಿಯಲ್ಲಿ ಮಂಜು ಕವಿದಂತೆ. ಎಡಗಡೆಯ ಸ್ಪೀಕರು ಕೆಟ್ಟಿದೆ ಎಂದು ಮರುದಿನ ಬೆಳಗಾಗುವವರೆಗೆ ಉರಿದುಕೊಂಡೆ. ಸೋಮವಾರ ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋಗಿ ದನಿ ಏರಿಸಿಯೇ ಮಾತಾಡಿದೆ. ಹುಡುಗ ತಾನು ಹಾಕಿಕೊಂಡು ಕೇಳಿ, "ಬರೋಬರ್ ಹೈ" ಎಂದ. ಮಾಲಕರು ಹಾಕಿಕೊಂಡರು, ಅವರದೂ ಅದೇ ಮಾತು. ಗಿರಾಕಿಯ ಮನಸ್ಸು ನೋಯಬಾರದೆಂದು ಬೇರೆ ಪೆಟ್ಟಿಗೆ ಒಡೆದು ಕೊಟ್ಟರು. ಅದರಲ್ಲೂ ಮಂಜು! ಆಗ ಆ ಹುಡುಗ ಮೆಲ್ಲಗೆ, "ಸಾಬ್, ಏಕ್ ಬಾರ್ ಉಲ್ಟಾ ಪೆಹನ್ ಕೇ ದೇಖೋ" ಎಂದ.

ಉಲ್ಟಾ ಹಾಕಿಕೊಂಡು ನೋಡುವುದೆಂದರೇನು? ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ. ಮೀಟರ್ ಬ್ರಿಜ್ ಪ್ರಯೋಗದಲ್ಲಿ ಎರಡು ರೆಸಿಸ್ಟನ್ಸುಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಅಳೆಯುತ್ತಿದ್ದೆವು. ತಪ್ಪು ವಸ್ತುವಿನದೋ ಉಪಕರಣದ್ದೋ ಅದರಿಂದ ಗೊತ್ತಾಗುತ್ತಿತ್ತು. ನಾನು ಪದವಿ ಪಡೆದು ಇಪ್ಪತ್ತು ವರ್ಷ ದಾಟಿದೆ. ಆ ಹುಡುಗ ಹತ್ತನೆಯದನ್ನು ಮುಗಿಸಿದ್ದನೋ ಇಲ್ಲವೋ. ಅಭಿಮಾನ ಅಡ್ಡ ಬಂದು ಅಲ್ಲಿ ಹಾಕಿಕೊಳ್ಳಲಿಲ್ಲ, ಮನೆಗೆ ಹೋಗಿ ನೋಡುತ್ತೇನೆ ಎಂದು ಬಂದುಬಿಟ್ಟೆ.

ಮನೆಗೆ ಬಂದು ತಿರುಗಿಸಿ ಹಾಕಿಕೊಂಡೆ. ಮಂಜು ಎಡಗಡೆಯೇ ಉಳಿಯಿತು.

ಅಂದು ರಾತ್ರಿ ಯಾರಿಗೂ ಹೇಳಲಿಲ್ಲ. ಮನಸ್ಸು ಮಾತ್ರ ಹಳೆಯ ಕಡತಗಳನ್ನು ತೆಗೆಯತೊಡಗಿತು. ನಮ್ಮಾಕೆ ಹಾಸನದ ಕಡೆಯವಳು. ಕಚೇರಿಯಿಂದ ಹೊರಡುವ ಹೊತ್ತಿಗೆ ಫೋನು ಮಾಡಿ ಬರುವಾಗ ಏನು ತರಬೇಕೆಂದು ಹೇಳುತ್ತಾಳೆ. ಬಲಗೈಯಲ್ಲಿ ಗಾಡಿಯ ಹಿಡಿಕೆ ಇರುವುದರಿಂದ ಫೋನು ಯಾವಾಗಲೂ ನನ್ನ ಎಡಗಿವಿಗೆ. ಒಂದು ಸಂಜೆ ಆಕೆ ಹೇಳಿದಂತೆ ಉಪ್ಪು ತಂದೆ. "ರೀ, ಸೊಪ್ಪು ತನ್ನಿ ಅಂದ್ರೆ ಉಪ್ಪು ತಂದಿದ್ದೀರಲ್ಲ?" ಎಂದಳು. ನಮ್ಮ ಕಡೆ ತಪ್ಪಲ ಪಲ್ಲೆ ಎನ್ನುತ್ತಾರೆ, ನಿಮ್ಮ ಹಾಸನದ ಭಾಷೆ ನನಗೇನು ಗೊತ್ತು ಎಂದು ವಾದಿಸಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾದವನು ಆಡುವ ಮಾತೇ ಅದು? ಇನ್ನೊಮ್ಮೆಯೂ ಉಪ್ಪೇ ಬಂತು. ಮೂರನೆಯ ಸಲ ಆಕೆ ಏನೂ ಅನ್ನಲಿಲ್ಲ, ಪೊಟ್ಟಣವನ್ನು ಡಬ್ಬಿಯ ಹಿಂದೆ ಇಟ್ಟಳು. ನನ್ನ ಲಕ್ಷ್ಯ ಮನೆಯ ಕಡೆ ಇಲ್ಲವೆಂದು ತಿಳಿದುಕೊಂಡಿದ್ದಳೇನೋ. ಸಕಾರದ ಬಲವೆಲ್ಲ ಇರುವುದು 4000 ಹರ್ಟ್ಸ್‌ನ ಮೇಲೆ. ಹಳೆಯ ಪದ್ಧತಿಯ ಫೋನು 3400ರ ಆಚೆಗೆ ಏನನ್ನೂ ದಾಟಿಸುತ್ತಿರಲಿಲ್ಲ. ಈಗಿನ ಫೋನು ದಾಟಿಸುತ್ತಿದ್ದರೂ ನನ್ನ ಕಿವಿ ದಾಟಿಸಬೇಕಲ್ಲ.

ಸಿಜಿಎಚ್‌ಎಸ್ ದವಾಖಾನೆಯಿಂದ ಚೀಟಿ ಬರೆಸಿಕೊಂಡು ಆಸ್ಪತ್ರೆಗೆ ಹೋದೆ. ಸದ್ದಿಲ್ಲದ ಸಣ್ಣ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಹೆಡ್‌ಫೋನನ್ನೇ ಹಾಕಿ (ಅಲ್ಲಿಯೂ ಅದೇ!), ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಎಡಗಿವಿಯ ಸರದಿ ಬಂದಾಗ ಸುಮಾರು ಹೊತ್ತು ಏನೂ ಬರಲಿಲ್ಲ. ಯಂತ್ರ ನಿಂತಿತೇನೋ ಎಂದು ಗಾಜಿನಾಚೆ ನೋಡಿದೆ. ಆ ಹುಡುಗಿ ಗುಂಡಿ ತಿರುಗಿಸುತ್ತಲೇ ಇದ್ದಳು. ಕೊಟ್ಟ ಕಾಗದದಲ್ಲಿ ಬಲಗಿವಿಯ ಗೆರೆ 15 ಡೆಸಿಬೆಲ್ ಆಸುಪಾಸಿನಲ್ಲಿ ನೇರ. ಎಡಗಿವಿಯದು 2000ದವರೆಗೆ ನೇರ, 4000ದಲ್ಲಿ 45ಕ್ಕೆ ಕುಸಿದು, 8000ದಲ್ಲಿ ತುಸು ಮೇಲೆ ಬಂದಿತ್ತು. ಈ ಬಗೆಯ ತಗ್ಗು ಹೆಚ್ಚಾಗಿ ಸದ್ದಿನಿಂದ ಬರುವಂಥದು ಎಂದರು ಡಾಕ್ಟರು. ಕಾರ್ಖಾನೆಯಲ್ಲಿ ಕೆಲಸವೇ ಎಂದು ಕೇಳಿದರು. ಇಲ್ಲ, ಕಡತಗಳ ನಡುವೆ ಎಂದೆ. ಒಳಗಿವಿಯ ಕೂದಲಕೋಶಗಳು ಹೋದರೆ ಮತ್ತೆ ಹುಟ್ಟುವುದಿಲ್ಲ, ಔಷಧವಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧವಾಗುತ್ತದೆ. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ನನ್ನದು ಹತ್ತು ಗಂಟೆ. ಅಂದರೆ 86ನ್ನು ಮೀರಬಾರದಿತ್ತು. ವಾಶಿಯ ಸೇತುವೆಯ ಮೇಲೆ ಲೋಕಲ್ ಗಾಡಿಯ ಸದ್ದನ್ನು ಮೀರಿಸಿ ಕೇಳಿದವನು ಎಷ್ಟರಲ್ಲಿ ಕೇಳಿರಬೇಕು?

ಆ ದಪ್ಪ ದನಿಯ ಗುಬ್ಬಿಗಳಲ್ಲಿ ಅಂಚೆಂಬುದೇ ಇರಲಿಲ್ಲವಾದ್ದರಿಂದ ಕಿವಿಯ ಅಂಚು ಹೋದದ್ದು ತಿಳಿಯಲಿಲ್ಲ. ಏನನ್ನೂ ಮರೆಮಾಡದ ಹೆಡ್‌ಫೋನು ಬಂದ ಮೊದಲ ರಾತ್ರಿಯೇ ತೋರಿಸಿಕೊಟ್ಟಿತು. ಮಗಳು ಮೊಬೈಲಿನಲ್ಲಿ ಎಡ-ಬಲ ಸರಿದೂಗಿಸುವ ಒಂದು ಪಟ್ಟಿ ತೋರಿಸಿದಳು. ಎಡಕ್ಕೆ ಏರಿಸಿ ನೋಡಿದೆ. ದನಿಯ ಒಡಲೇ ಎಡಕ್ಕೆ ವಾಲಿತೇ ಹೊರತು ಸಕಾರ ಬರಲಿಲ್ಲ. ಪಟ್ಟಿಯನ್ನು ನಡುವಿಗೇ ತಂದಿಟ್ಟೆ. ಗಾಡಿಯಲ್ಲಿ ಹಾಡು ಕೇಳುವುದನ್ನು ಬಿಟ್ಟಿದ್ದೇನೆ. ಫೋನು ಬಲಗಿವಿಗೆ ಬಂದಿದೆ. ಅಂಗಡಿಯ ಹುಡುಗನಿಗೆ ಒಂದು ದಿನ ಹೋಗಿ ಹೇಳಿಬರಬೇಕು, ಇನ್ನೂ ಹೋಗಿಲ್ಲ.

ಕಾಗದ ತೋರಿಸಿದ ದಿನ ನಮ್ಮಾಕೆ ಅದನ್ನು ಬಹಳ ಹೊತ್ತು ನೋಡಿದಳು. ಉಪ್ಪಿನ ವಿಷಯ ಇಬ್ಬರೂ ಎತ್ತಲಿಲ್ಲ. ಆಮೇಲೆ, "ಎಲ್ಲಿ ಕೊಡಿ, ಏನು ಕೇಳ್ಸುತ್ತೆ ನೋಡೋಣ" ಎಂದು ಹೆಡ್‌ಫೋನು ತಾನೇ ಹಾಕಿಕೊಂಡು ಕಣ್ಣು ಮುಚ್ಚಿದಳು. ಸಂಗೀತದ ಕಡೆ ತಲೆ ಹಾಕಿದವಳಲ್ಲ. ಮನ್ಸೂರರ ವಚನವನ್ನೇ ಹಚ್ಚಿಕೊಟ್ಟೆ. ತಂಬೂರಿ ಎಲ್ಲಿದೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಎರಡೂ ಕಿವಿಗಳನ್ನು ಬೆರಳಿನಿಂದ ತೋರಿಸಿದಳು. "ಮಧ್ಯ ಮಧ್ಯ ಉಸಿರೆಳ್ಕೊಳ್ಳೋದೂ ಕೇಳ್ಸುತ್ತೆ ಕಣ್ರೀ" ಎಂದು, ಹೆಡ್‌ಫೋನು ಹಾಕಿಕೊಂಡವರೆಲ್ಲ ಮಾಡುವಂತೆ, ಮನೆಯೆಲ್ಲ ಕೇಳುವ ಹಾಗೆ ಕೂಗಿದಳು. ಒಳಗಿನಿಂದ ಮಗಳು, "ಮಮ್ಮೀ, ಆವಾಜು!" ಎಂದಳು. ಅಡಿಗೆಮನೆಯಲ್ಲಿ ಕುಕ್ಕರು ಮೂರನೆಯ ಸೀಟಿ ಹೊಡೆಯಿತು. ಆಕೆಗೆ ಕೇಳಲಿಲ್ಲ. ನಾನೇ ಎದ್ದು ಹೋಗಿ ಗ್ಯಾಸು ಆರಿಸಿ ಬಂದೆ.